ರವಿಕೀರ್ತಿ: ಗಂಡು ಕೂಸಿಗೆ ಈ ಹೆಸರಿಡುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಮನೆಗಳಲ್ಲಿ ಗಂಡು ಕೂಸು ಹುಟ್ಟಿದರೆ ಈಗ ಮೊದಲು ತೆರೆಯುವುದು ಮೊಬೈಲ್. ಅದರಲ್ಲಿ ಸಿಗುವ ಹೆಸರುಗಳ ಪಟ್ಟಿಯೋ ಎಲ್ಲ ಊರಿಗೂ ಒಂದೇ. ನಮ್ಮ ಬಾಗಲಕೋಟೆ ಜಿಲ್ಲೆಯ ಕಲ್ಲಿನ ಮೇಲೆಯೇ ಸುಮಾರು 1,390 ವರ್ಷದಿಂದ ಒಂದು ಚೆಂದದ ಸಂಸ್ಕೃತ ಹೆಸರು ಕೆತ್ತಿ ಕೂತಿದೆ, ಅದನ್ನು ಇಟ್ಟವರು ಮಾತ್ರ ವಿರಳ. ಆ ಹೆಸರಿನ ಬಗ್ಗೆ ಬಂಧು ಬಳಗದವರು, ಹೊಸ ತಾಯಿ ತಂದೆಯರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ರವಿಕೀರ್ತಿ ಅಂದರೆ ಏನು?

ರವಿ ಅಂದರೆ ಸೂರ್ಯ. ಕೀರ್ತಿ ಅಂದರೆ ಹೆಸರುವಾಸಿ, ಜನ ಬಾಯಿ ತುಂಬ ಆಡುವ ಒಳ್ಳೆಯ ಮಾತು. ಸೂರ್ಯನಂತೆ ಬೆಳಗುವ ಕೀರ್ತಿ ಉಳ್ಳವನು ರವಿಕೀರ್ತಿ.

ಕೀರ್ತಿ ಮತ್ತು ಕೀರ್ತನೆ ಒಂದೇ ಧಾತುವಿನಿಂದ ಹುಟ್ಟಿದ ಮಾತುಗಳು. ಎತ್ತಿ ಹೇಳು, ಹಾಡಿ ಹೊಗಳು ಎಂಬುದು ಆ ಧಾತುವಿನ ಅರ್ಥ. ಹಾಗಾಗಿ ಇದು ದುಡ್ಡಿನಿಂದಲೋ ಕುರ್ಚಿಯಿಂದಲೋ ಬರುವ ಪ್ರಸಿದ್ಧಿಯಲ್ಲ, ನಾಲ್ಕು ಜನರ ನಾಲಿಗೆಯ ಮೇಲೆ ನಿಲ್ಲುವ ಹೆಸರು. ಆ್ಯಪ್‌ಗಳಲ್ಲಿ 'ಸೂರ್ಯನ ಪ್ರಸಿದ್ಧಿ' ಅಂತ ಬರೆದಿರುತ್ತಾರೆ. ತಪ್ಪೇನಲ್ಲ, ಆದರೆ ಸಪ್ಪೆ.

ಕೀರ್ತಿ ಸ್ತ್ರೀಲಿಂಗವಲ್ಲವೇ? ಗಂಡು ಹುಡುಗನಿಗೆ ಹೇಗೆ ಹೊಂದುತ್ತದೆ?

ಸಂಸ್ಕೃತದಲ್ಲಿ ಕೀರ್ತಿ ಎಂಬ ಪದ ಸ್ತ್ರೀಲಿಂಗವೇ, ಅನುಮಾನವಿಲ್ಲ. ಭಗವದ್ಗೀತೆಯ 10ನೇ ಅಧ್ಯಾಯದ 34ನೇ ಶ್ಲೋಕದಲ್ಲಿ ಕೃಷ್ಣ 'ಸ್ತ್ರೀಯರಲ್ಲಿ ನಾನು ಕೀರ್ತಿ, ಶ್ರೀ, ವಾಕ್ಕು' ಎಂದು ಎಣಿಸುತ್ತಾನೆ. ಆದರೆ ರವಿಕೀರ್ತಿ ಬಹುವ್ರೀಹಿ ಸಮಾಸ. ಎರಡು ಪದ ಸೇರಿ ತಮ್ಮಿಬ್ಬರನ್ನೂ ಬಿಟ್ಟು ಮೂರನೆಯವನನ್ನು ಹೇಳುವ ಸಮಾಸವದು. ಮುಕ್ಕಣ್ಣ ಅಂದಾಗ ನಮಗೆ ಮೂರು ಕಣ್ಣು ನೆನಪಾಗುವುದಿಲ್ಲ, ಶಿವ ನೆನಪಾಗುತ್ತಾನೆ. ಹಾಗೆಯೇ ಇಲ್ಲಿ ಆ ಕೀರ್ತಿ ಉಳ್ಳ ಗಂಡಸು ಹೆಸರಿನ ಅರ್ಥ, ಅವನ ಲಿಂಗವೇ ಹೆಸರಿನ ಲಿಂಗ. ಬೌದ್ಧ ತತ್ತ್ವಜ್ಞರಾದ ಧರ್ಮಕೀರ್ತಿ, ಚಂದ್ರಕೀರ್ತಿ ಇಬ್ಬರೂ ಗಂಡಸರು. ರಾಮಾಯಣದ ಶ್ರುತಕೀರ್ತಿ ಹೆಣ್ಣು, ಶತ್ರುಘ್ನನ ಹೆಂಡತಿ. ಕೀರ್ತಿ ಎಂಬ ಕೊನೆ ಇಬ್ಬರಿಗೂ ಒಪ್ಪುತ್ತದೆ.

ಅಂದಹಾಗೆ ಗೀತೆಯ ಅದೇ ಅಧ್ಯಾಯದ 21ನೇ ಶ್ಲೋಕದಲ್ಲಿ 'ಜ್ಯೋತಿಷಾಂ ರವಿರಂಶುಮಾನ್', ಬೆಳಕುಗಳಲ್ಲಿ ನಾನು ಕಿರಣಗಳ ರವಿ ಎಂಬ ಮಾತೂ ಇದೆ. ಹೆಸರಿನ ಎರಡೂ ತುಂಡು ಒಂದೇ ಅಧ್ಯಾಯದಲ್ಲಿ ಸಿಕ್ಕವು. ದೇವರ ಹೆಸರೇ ಬೇಕು ಎನ್ನುವ ಅಜ್ಜಿಗೆ ಇದನ್ನು ತೋರಿಸಿ. ವಿಷ್ಣುಸಹಸ್ರನಾಮ ದಿನಾ ಓದುವ ಮನೆಯಾದರೆ 'ರವಿರ್ವಿರೋಚನಃ' ಮತ್ತು 'ಪುಣ್ಯಕೀರ್ತಿರನಾಮಯಃ' ಎಂಬ ಸಾಲುಗಳು ಅವರ ಬಾಯಲ್ಲೇ ಇರುತ್ತವೆ.

ಈ ಹೆಸರಿನವನು ನಿಜವಾಗಿ ಯಾರಾದರೂ ಇದ್ದನೇ?

ಇದ್ದ. ಇದ್ದ ಊರೂ ಗೊತ್ತು, ವರ್ಷವೂ ಗೊತ್ತು.

ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಊರ ಮಗ್ಗುಲ ಗುಡ್ಡದ ಮೇಲೆ ಒಂದು ಜಿನಾಲಯವಿದೆ. ಜನ ಅದನ್ನು ಮೇಗುಟಿ ಅನ್ನುತ್ತಾರೆ, ಮೇಲಿನ ಗುಡಿ ಅಂತ. ಅದನ್ನು ಕಟ್ಟಿಸಿದವನು ರವಿಕೀರ್ತಿ. ಕಟ್ಟಿಸಿ ಸುಮ್ಮನಾಗಲಿಲ್ಲ. ಗುಡಿಯ ಮೂಡಣ ಗೋಡೆಯ ಕಲ್ಲಿನಲ್ಲಿ 19 ಸಾಲುಗಳ, 37 ಪದ್ಯಗಳ ಸಂಸ್ಕೃತ ಪ್ರಶಸ್ತಿಯೊಂದನ್ನು, ಅಂದರೆ ರಾಜನನ್ನು ಹೊಗಳುವ ಕಾವ್ಯವನ್ನು, ತಾನೇ ರಚಿಸಿ ಕೆತ್ತಿಸಿದ. ಭಾಷೆ ಸಂಸ್ಕೃತ, ಲಿಪಿ ನಮ್ಮ ಕನ್ನಡ ಲಿಪಿಯ ಹಳೆಯ ರೂಪ. ಕಾಲವನ್ನು ಎರಡು ಲೆಕ್ಕದಲ್ಲಿ ಕೊಟ್ಟಿದ್ದಾನೆ: ಭಾರತ ಯುದ್ಧ ಮುಗಿದು 3735 ವರ್ಷ, ಶಕ ವರ್ಷ 556. ಅಂದರೆ ಕ್ರಿ.ಶ. 634.

ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿ ಆಗ ಪಟ್ಟದಲ್ಲಿದ್ದ. ಅವನ ವಂಶದ ಜಯಸಿಂಹ, ರಣರಾಗ, ಒಂದನೆಯ ಪುಲಕೇಶಿ, ಕೀರ್ತಿವರ್ಮ, ಮಂಗಲೇಶ ಇವರನ್ನೆಲ್ಲ ಸಾಲಾಗಿ ಹೇಳಿ, ಪುಲಕೇಶಿಯ ದಂಡಯಾತ್ರೆಗಳನ್ನು ಬಣ್ಣಿಸುವ ಪದ್ಯಗಳಿವು. ಬನವಾಸಿಯ ಮುತ್ತಿಗೆ, ಗಂಗರು ಮತ್ತು ಆಳುಪರ ಶರಣಾಗತಿ, ಕೊಂಕಣದ ಮೌರ್ಯರ ಸೋಲು, ಪಲ್ಲವರ ಕಂಚಿ, ಉತ್ತರದ ಹರ್ಷನ ಹಿನ್ನಡೆ ಎಲ್ಲವೂ ಇವೆ. ಇಮ್ಮಡಿ ಪುಲಕೇಶಿ ಎಂಬ ಹೆಸರನ್ನು ಇವತ್ತು ಕರ್ನಾಟಕದ ಪ್ರತಿ ಮಗು ಸಾಲಿಯಲ್ಲಿ ಓದುತ್ತದೆ ಅಂದರೆ ಅದರಲ್ಲಿ ದೊಡ್ಡ ಪಾಲು ಈ ಒಂದು ಕಲ್ಲಿನದು. ರಾಜನ ಹೆಸರನ್ನು ಉಳಿಸಿಕೊಟ್ಟವನ ಹೆಸರೇ ತೊಟ್ಟಿಲಿಗೆ ಬರಲಿಲ್ಲ ಎಂಬುದು ನನಗೆ ಮನಸ್ಸಿಗೆ ನಾಟಿದ ಸಂಗತಿ.

ಶಾಸನದಲ್ಲಿ ಹೆಸರು ಎಲ್ಲಿ ಬರುತ್ತದೆ?

ಕೊನೆಯ ಪದ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೂರು ಕಡಲುಗಳ ತನಕ ಆಜ್ಞೆ ನಡೆಸಿದ ಸತ್ಯಾಶ್ರಯನ, ಅಂದರೆ ಪುಲಕೇಶಿಯ, ಪರಮ ಪ್ರಸಾದ ಪಡೆದ ರವಿಕೀರ್ತಿ ಈ ಕಲ್ಲಿನ ಜಿನೇಂದ್ರ ಭವನವನ್ನು ಮಾಡಿಸಿದ ಎಂದು ಒಂದು ಕಡೆ. ಈ ಪ್ರಶಸ್ತಿಯ ಕರ್ತೃವೂ ಬಸದಿಯ ಕಾರಯಿತೃವೂ (ಮಾಡಿಸಿದವನೂ) ಸ್ವಯಂ ರವಿಕೀರ್ತಿಯೇ ಎಂದು ಇನ್ನೊಂದು ಕಡೆ. ಆಮೇಲೆ ಎಲ್ಲಕ್ಕೂ ಕೊನೆಗೆ ಈ ಸಾಲು:

'ಸ ವಿಜಯತಾಂ ರವಿಕೀರ್ತಿಃ ಕವಿತಾಶ್ರಿತಕಾಲಿದಾಸಭಾರವಿಕೀರ್ತಿಃ'

ಕವಿತೆಯಿಂದ ಸಂಸ್ಕೃತ ಮಹಾಕವಿಗಳಾದ ಕಾಳಿದಾಸನ ಮತ್ತು ಭಾರವಿಯ ಕೀರ್ತಿಯನ್ನು ಪಡೆದ ಆ ರವಿಕೀರ್ತಿಗೆ ಜಯವಾಗಲಿ ಎಂಬುದು ಅರ್ಥ. ಈಗ ಅರ್ಥ ಬಿಟ್ಟು ಅಕ್ಷರ ನೋಡಿ. 'ಭಾರವಿಕೀರ್ತಿಃ' ಎಂಬಲ್ಲಿ ಮೊದಲ 'ಭಾ' ಮುಚ್ಚಿ ಓದಿ. ಉಳಿಯುವುದು 'ರವಿಕೀರ್ತಿಃ'. ಭಾರವಿಯ ಕೀರ್ತಿಯ ಒಳಗೇ ತನ್ನ ಪೂರ್ತಿ ಹೆಸರನ್ನು ಕೂಡಿಸಿಟ್ಟಿದ್ದಾನೆ! ಈ ಸಾಲಿನ ಎರಡು ತುಂಡುಗಳೂ ಒಂದೇ ದನಿಯಲ್ಲಿ ಮುಗಿಯುತ್ತವೆ, ಸಂಸ್ಕೃತ ಕಾವ್ಯದಲ್ಲಿ ಇದನ್ನು ಯಮಕ ಅನ್ನುತ್ತಾರೆ. ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ತಿರುವಿ ನೋಡಿ ಪ್ರೀತಿಸಿದವನಿಗಷ್ಟೇ ಇದು ಹೊಳೆಯುವ ಮಾತು.

ಹೆಸರುಗಳ ಜೊತೆ ಆಡುವುದು ಅವನಿಗೆ ಇಷ್ಟವಿತ್ತು ಎನ್ನುವುದಕ್ಕೆ ಹರ್ಷನ ಪದ್ಯವೂ ಸಾಕ್ಷಿ. 'ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ': ಭಯದಿಂದ ಹರ್ಷನ ಹರ್ಷವೇ ಇಳಿದುಹೋಗುವಂತೆ ಮಾಡಿದ ಎಂದು ಪುಲಕೇಶಿಯನ್ನು ಹೊಗಳುತ್ತಾನೆ. ಉತ್ತರಾಪಥದ ಚಕ್ರವರ್ತಿಯ ಸೋಲನ್ನು ಅವನ ಹೆಸರಿನಲ್ಲೇ ಹೇಳಿ ಮುಗಿಸಿದ.

ಕೊನೆಯ ಸಾಲಿಗೆ ಇನ್ನೊಂದು ದೊಡ್ಡ ಬೆಲೆಯಿದೆ. ಕಾಳಿದಾಸ, ಭಾರವಿಯರು ಯಾವಾಗ ಇದ್ದರು ಎಂದು ವಿದ್ವಾಂಸರು ಲೆಕ್ಕ ಹಾಕುವಾಗ, 634ರ ಹೊತ್ತಿಗೆ ಇಬ್ಬರೂ ಹೆಸರುವಾಸಿಯಾಗಿದ್ದರು ಎಂಬುದಕ್ಕೆ ವರ್ಷ ನಮೂದಾದ ಆಧಾರವಾಗಿ ಹಿಡಿಯುವುದು ಐಹೊಳೆಯ ಈ ಸಾಲನ್ನೇ.

ಅವನು ರಾಜನೋ, ಮಂತ್ರಿಯೋ?

ರಾಜನಲ್ಲ. ಪುಲಕೇಶಿಯ ತಂದೆ ಕೀರ್ತಿವರ್ಮ, ಇಬ್ಬರ ಹೆಸರಲ್ಲೂ ಕೀರ್ತಿ ಇರುವುದರಿಂದ ಕೆಲವರು ಗೊಂದಲ ಮಾಡಿಕೊಳ್ಳುತ್ತಾರೆ. ಪಠ್ಯಪುಸ್ತಕಗಳಲ್ಲಿ ರವಿಕೀರ್ತಿಯನ್ನು ಆಸ್ಥಾನಕವಿ ಎನ್ನುತ್ತಾರೆ. ಶಾಸನದ ಮಾತಿನಲ್ಲಿ ಅವನು ರಾಜನ ಪರಮ ಪ್ರಸಾದ ಪಡೆದವನು, ಬುದ್ಧಿವಂತ, ಕವಿ, ಬಸದಿ ಕಟ್ಟಿಸಿದವನು.

ಇದು ಜೈನರ ಹೆಸರಲ್ಲವೇ? ಬೇರೆಯವರು ಇಡಬಹುದೇ?

ರವಿಕೀರ್ತಿ ಜೈನ, ಅದರಲ್ಲಿ ಎರಡು ಮಾತಿಲ್ಲ. ಹೆಸರಿನ ಕೊನೆಗೆ ಕೀರ್ತಿ ಬರುವ ಪದ್ಧತಿ ದಿಗಂಬರ ಜೈನ ಮುನಿಗಳಲ್ಲಿ, ಭಟ್ಟಾರಕರಲ್ಲಿ ಇವತ್ತಿಗೂ ಇದೆ. ಶ್ರವಣಬೆಳಗೊಳ ಮತ್ತು ಮೂಡುಬಿದಿರೆಯ ಪೀಠಗಳಿಗೆ ಬರುವವರಿಗೆ ಚಾರುಕೀರ್ತಿ, ಕಾರ್ಕಳದ ಪೀಠದವರಿಗೆ ಲಲಿತಕೀರ್ತಿ ಎಂದು ಹೆಸರು. ಜೈನ ಕರ್ಮಸಿದ್ಧಾಂತದಲ್ಲಂತೂ ಯಶಃಕೀರ್ತಿ ಎಂಬುದು ನಾಮಕರ್ಮದ ಒಂದು ಭೇದ. ಒಬ್ಬನಿಗೆ ಲೋಕದಲ್ಲಿ ಒಳ್ಳೆಯ ಹೆಸರು ಬರುವುದೂ ಅವನು ಹಿಂದೆ ಗಳಿಸಿದ ಕರ್ಮದ ಫಲವೇ ಎಂಬ ವಿಚಾರವದು. ಬೆಳಗಾವಿ ಜಿಲ್ಲೆಯ ಅಥಣಿ, ಚಿಕ್ಕೋಡಿ ಕಡೆ ಹೊಲ ಉಳುವ ಜೈನ ಮನೆತನಗಳು ಬೇಕಾದಷ್ಟಿವೆ, ಅವರಿಗೆ ಈ ಹೆಸರು ಸ್ವಂತದ್ದೆನಿಸುವುದು ಸಹಜ.

ಆದರೆ ರವಿ ಎಂಬ ಪದಕ್ಕಾಗಲಿ ಕೀರ್ತಿ ಎಂಬ ಪದಕ್ಕಾಗಲಿ ಒಂದೇ ಮತದ ಬೇಲಿಯಿಲ್ಲ. ಐಹೊಳೆಯಲ್ಲೇ ನೋಡಿ: ಗುಡ್ಡದ ಮೇಲೆ ಜಿನಾಲಯ, ಹತ್ತುವ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ಗುಡಿ, ಕೆಳಗೆ ಊರಲ್ಲಿ ಶಿವ, ವಿಷ್ಣು, ಸೂರ್ಯನಾರಾಯಣರ ಗುಡಿಗಳು. ಲಿಂಗಾಯತರ ಮನೆಯಲ್ಲಾಗಲಿ, ಬ್ರಾಹ್ಮಣರ, ಕುರುಬರ, ದಲಿತರ ಮನೆಯಲ್ಲಾಗಲಿ ಈ ಹೆಸರು ಇಟ್ಟರೆ ಯಾರೂ ಹುಬ್ಬೇರಿಸಬೇಕಿಲ್ಲ. ಇಡುವವರಿಗೆ ಒಂದೇ ವಿನಂತಿ: ಮಗ ದೊಡ್ಡವನಾಗಿ 'ಯಾರ ಹೆಸರಿದು' ಅಂತ ಕೇಳಿದಾಗ, ಜೈನ ಕವಿಯೊಬ್ಬನ ಹೆಸರು ಎಂದು ಮುಚ್ಚುಮರೆಯಿಲ್ಲದೆ ಹೇಳಿ.

ಹೆಸರು ಎಷ್ಟು ಅಪರೂಪ? ಎಷ್ಟು ಜನಪ್ರಿಯ?

ಬ್ರಿಟನ್, ಅಮೆರಿಕಗಳಲ್ಲಿ ಪ್ರತಿ ವರ್ಷ ಯಾವ ಹೆಸರು ಎಷ್ಟು ಮಕ್ಕಳಿಗೆ ಇಟ್ಟರು ಎಂದು ಸರ್ಕಾರವೇ ಪಟ್ಟಿ ಹೊರಡಿಸುತ್ತದೆ. ನಮ್ಮ ದೇಶದಲ್ಲಿ ಆ ಪದ್ಧತಿ ಇಲ್ಲ. ಹಾಗಾಗಿ ಹೆಸರಿನ ಆ್ಯಪ್‌ಗಳು 'ಈ ಹೆಸರಿನ ಸ್ಥಾನ ಇಷ್ಟು' ಎಂದು ಅಂಕಿ ತೋರಿಸಿದರೆ ಅದನ್ನು ನೆಚ್ಚಿಕೊಂಡು ಹೆಸರು ಬಿಡಬೇಡಿ, ಹಿಡಿಯಲೂಬೇಡಿ.

ಕಣ್ಣಿಗೆ ಕಾಣುವುದನ್ನು ಹೇಳಬಹುದು. ರವಿ ನಮ್ಮಲ್ಲಿ ಓಣಿಗೊಬ್ಬ. ರವಿಕುಮಾರ, ರವೀಂದ್ರ, ರವಿಶಂಕರ, ರವಿರಾಜ ಯಾವ ಹಾಜರಿ ಪುಸ್ತಕದಲ್ಲೂ ಸಿಗುತ್ತಾರೆ. ಕೀರ್ತಿ ಎಂಬ ಹೆಸರು ಹೆಣ್ಣಿಗೂ ಗಂಡಿಗೂ ಇದೆ, ಕೀರ್ತಿಕುಮಾರ, ಕೀರ್ತಿರಾಜ ಕೂಡ ಕೇಳಿದ್ದೇವೆ. ಎರಡೂ ಸೇರಿದ ರವಿಕೀರ್ತಿ ಮಾತ್ರ ವಿರಳ. ಕೇಳಿದ ಕೂಡಲೇ ಅರ್ಥವಾಗುವ, ಆದರೆ ತರಗತಿಯಲ್ಲಿ ಇನ್ನೊಬ್ಬನಿಗೆ ಇರದ ಹೆಸರು ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಈಗಿನ ಹೆಸರುಗಳಲ್ಲಿ ಅಪರೂಪ ಬೇಕೆಂದು ಅರ್ಥವೇ ಇಲ್ಲದ ಎರಡಕ್ಷರ ಕೂಡಿಸುವವರು ಹೆಚ್ಚಾಗಿದ್ದಾರೆ. ಇಲ್ಲಿ ಅಪರೂಪವೂ ಇದೆ, ಅರ್ಥವೂ ಇದೆ, ಹಿಂದೊಬ್ಬ ಮನುಷ್ಯನೂ ಇದ್ದಾನೆ.

ಇಷ್ಟು ಒಳ್ಳೆಯ ಹೆಸರನ್ನು ನಮ್ಮ ಕಡೆಯವರೇ ಯಾಕೆ ಇಡಲಿಲ್ಲ?

ನಮ್ಮ ಕಡೆ ಹೆಸರು ಬರುವುದು ಮನೆದೇವರಿಂದ, ಇಲ್ಲವೇ ತೀರಿಕೊಂಡ ಹಿರಿಯರಿಂದ. ಬನಶಂಕರಿ ಒಕ್ಕಲಾದರೆ ಶಂಕ್ರಪ್ಪ, ಕೂಡಲಸಂಗಮದ ಒಕ್ಕಲಾದರೆ ಸಂಗಪ್ಪ, ಶ್ರೀಶೈಲದವರಾದರೆ ಮಲ್ಲಪ್ಪ, ಶನಿವಾರ ಹುಟ್ಟಿದರೆ ಹನಮಪ್ಪ. ಇವೆಲ್ಲ ಬಾಳಿ ಬದುಕಿದ ಹೆಸರುಗಳು, ಅವುಗಳ ಮೇಲೆ ನನಗೆ ಗೌರವವೇ ಇದೆ. ಶಾಸನವೋ ಸಂಸ್ಕೃತದಲ್ಲಿತ್ತು, ಲಿಪಿ ಓದುವವರು ಊರಲ್ಲಿ ಉಳಿಯಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ಫ್ಲೀಟ್, ಆಮೇಲೆ ಕೀಲ್‌ಹಾರ್ನ್ ಎಂಬ ವಿದ್ವಾಂಸರು ಓದಿ ಅಚ್ಚು ಹಾಕಿಸುವ ತನಕ ಗುಡ್ಡದ ಕೆಳಗಿನ ಜನಕ್ಕೂ ಆ ಗೋಡೆಯ ಮೇಲೆ ಏನಿದೆ ಎಂದು ಗೊತ್ತಿರುವ ದಾರಿ ಇರಲಿಲ್ಲ. ಪುಸ್ತಕಕ್ಕೆ ಬಂದ ಮೇಲೆ ಅದು ಪರೀಕ್ಷೆಯ ಪ್ರಶ್ನೆಯಾಯಿತು: 'ಐಹೊಳೆ ಶಾಸನ ಬರೆದವರು ಯಾರು?' ಒಂದು ಅಂಕಕ್ಕೆ ಬಾಯಿಪಾಠ ಮಾಡಿದ ಉತ್ತರ ಮಗನ ಹೆಸರಾಗಬಹುದು ಎಂದು ಯಾರಿಗೆ ಹೊಳೆದೀತು?

ಹೆಸರು ಉದ್ದವಾಗಲಿಲ್ಲವೇ? ಮನೆಯಲ್ಲಿ ಏನಂತ ಕರೆಯೋದು?

ನಾಲ್ಕೇ ಅಕ್ಷರ. ಮಲ್ಲಿಕಾರ್ಜುನ ಎಂದು ಕರೆಯುವ ನಾಡಿನಲ್ಲಿ ಇದು ಉದ್ದವಲ್ಲ.

ಆದರೂ ನಮ್ಮ ಮಂದಿ ಯಾವ ಹೆಸರನ್ನೂ ಪೂರ್ತಿ ಬಿಟ್ಟವರಲ್ಲ. ಗೆಳೆಯರು 'ರವ್ಯಾ' ಅಂದೇ ಅನ್ನುತ್ತಾರೆ, ಸಿಟ್ಟು ಬಂದರೆ ಅವ್ವನೂ ಅನ್ನುತ್ತಾಳೆ. ಅದನ್ನು ತಡೆಯಲಾಗದು, ತಡೆಯುವುದೂ ಬೇಡ. ಆದರೆ ಮನೆಯವರು ಮೊದಲ ದಿನದಿಂದ 'ಕೀರ್ತಿ' ಎಂದು ಕರೆದು ರೂಢಿ ಮಾಡಿದರೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ರವಿ ಎಂದು ಕರೆಯಲು ಶುರು ಮಾಡಿದಿರೋ, ಮುಗಿಯಿತು, ನಾಲ್ಕು ವರ್ಷದಲ್ಲಿ ಸಾಲಿಯ ಮಾಸ್ತರರೂ ರವಿ ಎಂದೇ ಬರೆದುಕೊಳ್ಳುತ್ತಾರೆ, ಅಪರೂಪದ ಹೆಸರು ಓಣಿಯ ಉಳಿದ ರವಿಗಳಲ್ಲಿ ಕರಗಿಹೋಗುತ್ತದೆ.

ಅಜ್ಜನ ಹೆಸರೇ ಇಡಬೇಕು ಅಂತ ಮನೆಯಲ್ಲಿ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಹಟ ಅನ್ನಬೇಡಿ, ಅದು ಋಣ ತೀರಿಸುವ ರೀತಿ. ನಮ್ಮ ಕಡೆ ಇದಕ್ಕೆ ಹಳೆಯ ಪರಿಹಾರವೊಂದಿದೆ: ತೊಟ್ಟಿಲಿನ ಹೆಸರು ಒಂದು, ಸಾಲಿ ಹೆಸರು ಒಂದು. ಕಿವಿಯಲ್ಲಿ ಮೊದಲು ಅಜ್ಜನ ಹೆಸರು ಹೇಳಿ, ಆಮೇಲೆ ರವಿಕೀರ್ತಿ ಹೇಳಿ. 'ಅಜ್ಜನ ಹೆಸರು ಮನ್ಯಾಗ, ಈ ಹೆಸರು ಸಾಲ್ಯಾಗ' ಅಂದರೆ ಬಹಳಷ್ಟು ಹಿರಿಯರು ಒಪ್ಪುತ್ತಾರೆ. ಎರಡನ್ನೂ ಜೋಡಿಸಿ ದಾಖಲೆಯಲ್ಲಿ ಒಂದೇ ಹೆಸರು ಮಾಡಲು ಮಾತ್ರ ಹೋಗಬೇಡಿ. ನಮ್ಮಲ್ಲಿ ಹೆಸರಿನ ಮುಂದೆ ತಂದೆಯ ಹೆಸರು, ಅದರ ಮುಂದೆ ಅಡ್ಡಹೆಸರು ಬಂದೇ ಬರುತ್ತದೆ. ಅದರ ಮೇಲೆ ಇನ್ನೊಂದು ಸೇರಿದರೆ ಯಾವ ಅರ್ಜಿಯ ಖಾನೆಯಲ್ಲೂ ಹಿಡಿಯುವುದಿಲ್ಲ.

ಯಾವ ನಕ್ಷತ್ರಕ್ಕೆ ಹೊಂದುತ್ತದೆ?

ಪಂಚಾಂಗದ ಅಕ್ಷರ ನೋಡಿ ಹೆಸರಿಡುವವರು ರ ಎಂಬ ಮೊದಲಕ್ಷರವನ್ನು ರಾ ಜೊತೆಗೆ ಎಣಿಸುತ್ತಾರೆ. ಚಿತ್ರಾ ನಕ್ಷತ್ರದ ಅಕ್ಷರಗಳು ಪೇ, ಪೋ, ರಾ, ರೀ. ಹಾಗಾಗಿ ಚಿತ್ರಾ ಮೂರನೇ ಚರಣ, ತುಲಾ ರಾಶಿಯ ಕೂಸಿಗೆ ನೇರವಾಗಿ ಕೂಡುತ್ತದೆ. ಬೇರೆ ನಕ್ಷತ್ರವಾದರೆ ಜನ್ಮನಾಮ ಬೇರೆ ಇಟ್ಟು ರವಿಕೀರ್ತಿಯನ್ನು ವ್ಯವಹಾರದ ಹೆಸರಾಗಿ ಇಡುವ ರೂಢಿ ಎಲ್ಲ ಮನೆಗಳಲ್ಲೂ ಇದೆ. ಐತವಾರ ಹುಟ್ಟಿದವನಿಗೆ, ರಥಸಪ್ತಮಿಗೆ ಹುಟ್ಟಿದವನಿಗೆ ಅಕ್ಷರ ನೋಡದೆಯೂ ಇಡಬಹುದು.

ಸಂಖ್ಯಾಶಾಸ್ತ್ರದ ಪ್ರಕಾರ?

ಅದು ಇಂಗ್ಲಿಷ್ ಅಕ್ಷರಗಳ ಲೆಕ್ಕ. ಕಾಗುಣಿತ ಬದಲಾದರೆ ಅಂಕಿಯೂ ಬದಲು. ಅದಕ್ಕಾಗಿ ಹೆಸರಿನಲ್ಲಿ ಎರಡು ಅಕ್ಷರ ಹೆಚ್ಚು ತುರುಕಿ ಮಗನಿಗೆ ಜೀವನಪೂರ್ತಿ ತಿದ್ದುಪಡಿಯ ಕೆಲಸ ಹಚ್ಚಬೇಡಿ.

ಬರೆಯುವುದು ಹೇಗೆ? ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಗೊಂದಲವಿದೆ.

ಕನ್ನಡದಲ್ಲಿ ರವಿಕೀರ್ತಿ. ಒಂದೇ ಪದ, ನಡುವೆ ಜಾಗ ಬೇಡ. ಕೀ ದೀರ್ಘ, ಕೊನೆಯ ತಿ ಹ್ರಸ್ವ ಮತ್ತು ಅಲ್ಪಪ್ರಾಣ. ರವಿಕಿರ್ತಿ, ರವಿಕೀರ್ಥಿ ಎರಡೂ ತಪ್ಪು. ಶಾಸನದಲ್ಲಿ ಕೀರ್ತ್ತಿ ಎಂದು ತಕಾರ ದ್ವಿತ್ವವಾಗಿರುವುದನ್ನು ಕೆಲವರು ಚಿತ್ರದಲ್ಲಿ ನೋಡಿ ಹಾಗೆಯೇ ಬರೆಯಬೇಕೇ ಎನ್ನುತ್ತಾರೆ. ರೇಫದ, ಅಂದರೆ ರಕಾರದ, ಮುಂದಿನ ವ್ಯಂಜನವನ್ನು ಇಮ್ಮಡಿಸಿ ಕೆತ್ತುವುದು ಆ ಕಾಲದ ಬರವಣಿಗೆಯ ರೂಢಿ, ಈಗ ಬೇಕಿಲ್ಲ.

ಬೆಳಗಾವಿ, ನಿಪ್ಪಾಣಿ, ಖಾನಾಪುರ ಕಡೆಯವರಿಗೆ ಮರಾಠಿಯ ಸಂಗತಿಯೂ ಇದೆ. ಈಗಿನ ಮರಾಠಿ ಬರವಣಿಗೆಯಲ್ಲಿ ಪದದ ಕೊನೆಯ ಇಕಾರವನ್ನು ದೀರ್ಘ ಮಾಡುತ್ತಾರೆ, ಹಾಗಾಗಿ ಅಲ್ಲಿ ಕೀರ್ತೀ ಎಂದು ಕಂಡರೆ ಅದು ಅವರ ನಿಯಮ. ಆದರೆ ಕನ್ನಡ ದಾಖಲೆಗೆ ಅದನ್ನು ನೋಡಿ ನಕಲು ಮಾಡಬೇಡಿ.

ಇಂಗ್ಲಿಷ್‌ನಲ್ಲಿ ನಿಜವಾದ ತಕರಾರು. ಕೀ ಬರೆಯಲು ಒಂದು 'ಐ' ಹಾಕುವುದೋ, ಎರಡು 'ಇ' ಹಾಕುವುದೋ? ತಿ ಬರೆಯುವಾಗ 'ಟಿ' ಸಾಕೋ, 'ಎಚ್' ಸೇರಿಸುವುದೋ? ಬೆಂಗಳೂರು ಮೈಸೂರು ಕಡೆ ತ ಎಂಬುದಕ್ಕೆ ಎಚ್ ಸೇರಿಸುವ ರೂಢಿ ಗಟ್ಟಿಯಾಗಿದೆ. ನಮ್ಮ ಗಡಿಭಾಗದಲ್ಲಿ, ಪುಣೆ ಕೊಲ್ಲಾಪುರದಲ್ಲಿ ಎಚ್ ಕಂಡರೆ ಥ ಎಂದು ಓದುತ್ತಾರೆ. ಮಗ ಇಲ್ಲೇ ಬೆಳೆಯುವವನಾದರೆ ಎಚ್ ಬಿಡಿ. ಕೀಗೆ ಎರಡು ಇ ಹಾಕಿದರೆ ಹೊರಗಿನವರು ದೀರ್ಘವಾಗಿಯೇ ಓದುತ್ತಾರೆ, ಅದು ಒಂದು ಲಾಭ. ಇತಿಹಾಸದ ಪುಸ್ತಕಗಳಲ್ಲಿ ಒಂದೇ ಐ ಇರುವುದು ಹೆಚ್ಚು. ಯಾವುದನ್ನಾದರೂ ಆರಿಸಿ, ಆದರೆ ಆಸ್ಪತ್ರೆಯ ಕಾಗದದಿಂದ ಆಧಾರ್ ತನಕ ಅದೊಂದನ್ನೇ ಉಳಿಸಿಕೊಳ್ಳಿ.

ಜನನ ಪ್ರಮಾಣಪತ್ರದಲ್ಲಿ ಹೆಸರು ಯಾವಾಗ ಹಾಕಿಸಬೇಕು?

ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು. ಹೆಸರು ಆಗಲೇ ತೀರ್ಮಾನವಾಗಿರಬೇಕೆಂದಿಲ್ಲ, ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ. ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಅದೂ ಮೀರಿದರೆ ಶುಲ್ಕ ಕಟ್ಟಿ 15 ವರ್ಷದ ತನಕ ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಹಾಗಾಗಿ ಆಸ್ಪತ್ರೆಯವರು ಕೇಳಿದರೆಂದು ಬಾಯಿಗೆ ಬಂದ ಹೆಸರು ಬರೆಸಬೇಡಿ. ತೊಟ್ಟಿಲ ಕಾರ್ಯ ಮುಗಿಸಿ, ನಿಧಾನಕ್ಕೆ ಯೋಚಿಸಿ ಬರೆಸಿ.

ಬರೆಸುವಾಗ ಕನ್ನಡ, ಇಂಗ್ಲಿಷ್ ಎರಡನ್ನೂ ದೊಡ್ಡಕ್ಷರದಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಬಾಯಲ್ಲಿ ಹೇಳಬೇಡಿ. ಅಪರೂಪದ ಹೆಸರು ಕೇಳಿದ ಗುಮಾಸ್ತರ ಕೈ ತನಗೆ ಗೊತ್ತಿರುವ ರವಿಕುಮಾರನ ಕಡೆಗೇ ಹೋಗುತ್ತದೆ. ಮುದ್ರಿತ ಪ್ರತಿ ಕೈಗೆ ಬಂದಾಗ ಕಿಟಕಿಯ ಮುಂದೆಯೇ ನಿಂತು ದೀರ್ಘ ಸರಿಯಿದೆಯೇ, ಪದ ಎರಡಾಗಿದೆಯೇ ಎಂದು ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಸಾಲಿ ಸೇರಲು, ಚಾಲನಾ ಪರವಾನಗಿಗೆ, ಮತದಾರರ ಪಟ್ಟಿಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅಲ್ಲಿಯ ಒಂದು ತಪ್ಪು ಎಲ್ಲ ಕಡೆಗೂ ಹರಿಯುತ್ತದೆ.

ತೊಟ್ಟಿಲ ಕಾರ್ಯದಲ್ಲಿ ಹೆಸರನ್ನು ಹೇಗೆ ಹೇಳುವುದು?

ಯಾವ ಹೆಸರಿಗೂ ಹೇಗೋ ಹಾಗೆಯೇ. ಕೂಸಿಗೆ ಗುಳೇದಗುಡ್ಡ ಖಣದ ಕುಲಾವಿ ಹಾಕಿ ತೊಟ್ಟಿಲಲ್ಲಿ ಮಲಗಿಸುತ್ತಾರೆ, ಹೆಣ್ಣುಮಕ್ಕಳು ಜೋಗುಳ ಹಾಡುತ್ತಾರೆ, ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಆಕೆ ಬಾಗಿ ಹೆಸರು ಹೇಳುತ್ತಿರುವಾಗ ಹಿಂದೆ ನಿಂತವರು ಬೆನ್ನಿಗೆ ಗುದ್ದುತ್ತಾರೆ. ಆ ಗದ್ದಲದಲ್ಲಿ ಹೊಸ ಹೆಸರು ಮರೆತು ಅತ್ತೆ 'ರವೀಂದ್ರ' ಅಂದುಬಿಟ್ಟರೆ ಕಷ್ಟ, ಹಿಂದಿನ ದಿನವೇ ಆಕೆಗೆ ಬಾಯಿಗೆ ಕೂಡಿಸಿ. ಗುಗ್ಗರಿ ಹಂಚುವಾಗ ಬಂದವರೆಲ್ಲ 'ಏನ್ ಹೆಸರಿಟ್ರಿ' ಎಂದು ಕೇಳಿಯೇ ಕೇಳುತ್ತಾರೆ. 'ರವಿಕೀರ್ತಿ ರೀ, ಐಹೊಳ್ಳಿ ಶಾಸನ ಬರದಾಂವ ನೋಡ್ರಿ' ಎಂದು ಒಂದೇ ಉಸಿರಿಗೆ ಹೇಳಲು ಮನೆಯವರಿಗೆಲ್ಲ ಬರಬೇಕು. ಒಬ್ಬರಾದರೂ 'ಹೌದಾ, ನಮ್ಮ ಐಹೊಳ್ಳಿಯಾಂವ ಏನು?' ಎಂದು ನಿಲ್ಲುತ್ತಾರೆ.

ಅಣ್ಣತಮ್ಮ ಇಬ್ಬರಿಗೂ ಇದೇ ಮಣ್ಣಿನ ಹೆಸರು ಬೇಕು. ಬೇರೆ ಯಾವುವಿವೆ?

ಅದೇ ಶಾಸನದಿಂದಲೇ ತೆಗೆದುಕೊಳ್ಳಿ. ಸತ್ಯಾಶ್ರಯ, ಸತ್ಯಕ್ಕೆ ಆಸರೆಯಾದವನು, ಇಮ್ಮಡಿ ಪುಲಕೇಶಿಯ ಬಿರುದು. ಕರೆಯಲು ಸತ್ಯ. ಮಂಗಲೇಶ ಕೂಡ ಕಿವಿಗೆ ಹಿತ. ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಅವನ ಶಾಸನವಿದೆ, ಮಹಾಕೂಟದ ಕಂಬದ ಶಾಸನವೂ ಅವನ ಕಾಲದ್ದು. ಪಟ್ಟದ ಸಲುವಾಗಿ ಅಣ್ಣನ ಮಗ ಪುಲಕೇಶಿಯೊಡನೆ ಕಾದಾಡಿ ಪ್ರಾಣ ಬಿಟ್ಟ ಎಂಬ ಕಥೆ ಮಾತ್ರ ಹೆಸರಿನ ಬೆನ್ನಿಗಿದೆ, ಅದು ನಿಮಗೆ ಒಗ್ಗುತ್ತದೆಯೇ ನೋಡಿ. ಸೂರ್ಯನ ಜೋಡಿ ಬೇಕಾದರೆ ಶಾಸನದ ಆಚೆಗೆ, ಮುಂದೆ ಬಂದ ಚಾಲುಕ್ಯ ರಾಜರಾದ ವಿನಯಾದಿತ್ಯ, ವಿಜಯಾದಿತ್ಯರ ಹೆಸರುಗಳಿವೆ. ರವಿಕೀರ್ತಿಯ ಪಕ್ಕಕ್ಕೆ ವಿನಯಾದಿತ್ಯ ಬಹಳ ಚೆಂದ ಕೂಡುತ್ತದೆ. ಶಾಸನದಲ್ಲಿ ರಣರಾಗ ಎಂಬುದೂ ಇದೆ, ಯುದ್ಧದಲ್ಲಿ ಪ್ರೀತಿಯುಳ್ಳವನು ಅಂತ. ಕೂಸಿಗೆ ನಾನು ಸಲಹೆ ಮಾಡಲಾರೆ. ತಂಗಿ ಬಂದರೆ ಪಟ್ಟದಕಲ್ಲಿನ ದೊಡ್ಡ ಗುಡಿ ಕಟ್ಟಿಸಿದ ರಾಣಿ ಲೋಕಮಹಾದೇವಿಯನ್ನು ನೆನೆಯಿರಿ.

ಮಗನನ್ನು ಕರೆದುಕೊಂಡು ಹೋಗಿ ಆ ಹೆಸರನ್ನು ತೋರಿಸಬಹುದೇ?

ಖಂಡಿತ. ಬಾಗಲಕೋಟೆಯಿಂದ ಕಮತಗಿ, ಅಮೀನಗಡ ದಾಟಿ ಐಹೊಳೆ ಸೇರಬಹುದು, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ. ಬಾದಾಮಿ ಕಡೆಯಿಂದಾದರೆ ಪಟ್ಟದಕಲ್ಲಿನ ಮೇಲೆ ಹಾದು ಬರಬೇಕು. ಮೇಗುಟಿಗೆ ಮೆಟ್ಟಿಲುಗಳಿವೆ. ಸಣ್ಣ ಮಕ್ಕಳೂ ಹತ್ತುತ್ತಾರೆ, ಬೇಸಿಗೆಯ ಮಧ್ಯಾಹ್ನ ಮಾತ್ರ ಬೇಡ, ಕಲ್ಲು ಕಾದಿರುತ್ತದೆ. ಶಾಸನವಿರುವುದು ಮೂಡಣ ಗೋಡೆಯ ಹೊರಮೈಯಲ್ಲಿ, ಆದ್ದರಿಂದ ಬೆಳಗಿನ ಹೊತ್ತು ಹೋಗಿ. ಓರೆ ಬಿಸಿಲು ಬಿದ್ದಾಗ ಮರಳುಗಲ್ಲಿನಲ್ಲಿ ಅಕ್ಷರಗಳ ಅಂಚು ಎದ್ದು ಕಾಣುತ್ತದೆ. ಹಣೆ ತಾಗುವಷ್ಟು ಹತ್ತಿರ ನಿಂತು ನೋಡಿ, ಆದರೆ ಕೈಯಿಂದ ತಿಕ್ಕಬೇಡಿ, ನೀರು ಹಾಕಬೇಡಿ, ಮಗುವಿನ ಹೆಸರನ್ನು ಪಕ್ಕದ ಕಲ್ಲಿನ ಮೇಲೆ ಗೀಚಲು ಯಾರನ್ನೂ ಬಿಡಬೇಡಿ. ಕವಿಯ ಹೆಸರಿನ ಕೊನೆಯ ಸಾಲು ಕೆಳಭಾಗದಲ್ಲಿ ಹುಡುಕಬೇಕು. ಹೋಗುವ ಮುಂಚೆ ಶಾಸನದ ಪಾಠದ ಒಂದು ಪ್ರತಿ ಇಟ್ಟುಕೊಂಡರೆ ಅಕ್ಷರ ಕೂಡಿಸಿ ಗುರುತು ಹಿಡಿಯುವುದು ಸುಲಭ.

ಈ ಬಸದಿಯಲ್ಲಿದ್ದ ಅಂಬಿಕೆಯ ದೊಡ್ಡ ಶಿಲ್ಪ ಈಗ ಕೆಳಗೆ ದುರ್ಗದ ಗುಡಿಯ ಆವರಣದ ವಸ್ತುಸಂಗ್ರಹಾಲಯದಲ್ಲಿದೆ, ಅದನ್ನೂ ತಪ್ಪಿಸಬೇಡಿ. ಪುರಾತತ್ತ್ವ ಇಲಾಖೆಯ ಈ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ಬೇರೆ ದಿನ ಹೋಗಿ.